ಹೆಪ್ಪಿನ ಡಬ್ಬಿಯ ವನವಾಸ

ನಮ್ಮ ಮನೆಯ ಫ್ರಿಜ್ಜಿನಲ್ಲಿ, ಬೆಣ್ಣೆಯ ಪೊಟ್ಟಣಕ್ಕೂ ಕೊತ್ತಂಬರಿ ಸೊಪ್ಪಿನ ಚೀಲಕ್ಕೂ ನಡುವೆ, ಮುಷ್ಟಿಯೊಳಗೆ ಅಡಗಿಸಬಹುದಾದಷ್ಟು ಚಿಕ್ಕದೊಂದು ಸ್ಟೀಲಿನ ಡಬ್ಬಿ ಕೂತಿರುತ್ತಿತ್ತು. ಅದರ ಮುಚ್ಚಳದ ಒಂದು ಅಂಚು ಒಳಕ್ಕೆ ನೆಗ್ಗಿತ್ತು. ಆದ್ದರಿಂದ ಮುಚ್ಚುವಾಗ ಆ ನೆಗ್ಗು ಹೆಬ್ಬೆರಳಿನ ಕೆಳಗೆ ಬರುವಂತೆ ಹಿಡಿದು, ಕೊಂಚ ಬಲಕ್ಕೆ ತಿರುಗಿಸಿ, ಮೇಲಿನಿಂದ ಮೆತ್ತಗೆ ಒಂದು ಪೆಟ್ಟು ಕೊಡಬೇಕಿತ್ತು. ಮನೆ ಮುಂಬಯಿಯ ಪರೇಲಿನ ಚಾಳಿನಿಂದ ಘಾಟ್ಕೋಪರಿನ ಬಿಲ್ಡಿಂಗಿಗೆ ಬಂತು, ಫ್ರಿಜ್ಜುಗಳು ಬಂದು ಹೋದವು, ನಾನು ಸೊಸೆಯಾಗಿ ಬಂದು ತಾಯಿಯಾದೆ. ಡಬ್ಬಿ ಮಾತ್ರ ಅದೇ, ನೆಗ್ಗೂ ಅದೇ. ಅದರೊಳಗಿದ್ದದ್ದು ಒಂದೆರಡು ಚಮಚ ಮೊಸರು. ಮೊಸರು ಎಂದರೆ ನಮ್ಮ ಅತ್ತೆಗೆ ಸರಿಬರುತ್ತಿರಲಿಲ್ಲ. "ಅದು ಹೆಪ್ಪು. ಮೊಸರು ಉಣ್ಣಾಕ, ಹೆಪ್ಪು ಕಾಯಾಕ" ಎಂದು ತಿದ್ದುತ್ತಿದ್ದರು.

ಗದಗಿನ ಕಡೆಯ ಒಂದು ಹಳ್ಳಿಯಿಂದ, ಪರೇಲಿನ ಗಿರಣಿಯಲ್ಲಿ ಕೆಲಸಕ್ಕಿದ್ದ ಗಂಡನ ಜೊತೆ ಸಂಸಾರ ಹೂಡಲು ನಮ್ಮ ಅತ್ತೆ ಹೊರಟಾಗ, ಅವರ ಅತ್ತೆ ಕೊಟ್ಟ ಹೆಪ್ಪು ಅದು. ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದದ್ದಂತೆ. ಅಂದಿನಿಂದ ಒಂದು ದಿನದ ಮೊಸರಿನಿಂದ ಮರುದಿನದ ಮೊಸರು, ಅದರಿಂದ ಅದರ ಮರುದಿನದ್ದು, ಹೀಗೆ ಎಳೆ ಕಡಿಯದ ನೂಲಿನಂತೆ ಅದು ನಮ್ಮ ಮನೆಯಲ್ಲಿ ನಡೆದು ಬಂದಿದೆ. ನೀವೇ ಯೋಚಿಸಿ ನೋಡಿ, ಮನೆಯ ಯಾವ ವಸ್ತುವಿಗೆ ಇಷ್ಟು ದೀರ್ಘಾಯುಷ್ಯ ಇದೆ? ಪೀಠೋಪಕರಣಗಳನ್ನು ಗೆದ್ದಲು ತಿನ್ನುತ್ತದೆ, ಬಂಗಾರವನ್ನು ಕರಗಿಸುತ್ತೇವೆ, ನೆನಪುಗಳನ್ನು ನಮಗೆ ಬೇಕಾದಂತೆ ಮಾರ್ಪಡಿಸುತ್ತೇವೆ. ದಿನವೂ ಖಾಲಿಯಾಗುತ್ತ ದಿನವೂ ಉಳಿಯುವ ಚಮತ್ಕಾರ ಹೆಪ್ಪಿಗೆ ಮಾತ್ರ ಗೊತ್ತು.

ಹೆಪ್ಪು ಹಾಕುವ ಹಕ್ಕು ನಮ್ಮ ಮನೆಯಲ್ಲಿ ಹಿರಿಯಳದ್ದು. ಸಂಜೆ ಹಾಲು ಉಗುರು ಬೆಚ್ಚಗಾದಾಗ ಅತ್ತೆ ಕಿರುಬೆರಳನ್ನು ಅದ್ದಿ ನೋಡುವರು, ಹೆಪ್ಪು ಬೆರೆಸಿ ಮುಚ್ಚುವರು, ಆಮೇಲೆ ತಪ್ಪದೆ ಹೊರಕೋಣೆಯ ಕಡೆ ತಿರುಗಿ ಕೂಗುವರು: "ಅಡಗಿಮನಿ ಲೈಟ್ ಆರಸ್ರಿ. ಅದಕ್ಕ ಕತ್ತಲಿ ಬೇಕು." ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಒಬ್ಬರಿಗೆ ನೀರು ಬೇಕು, ಇನ್ನೊಬ್ಬರಿಗೆ ಚಹಾ. ಲೈಟ್ ಆರಿಸಿದರೂ ಮೈಕ್ರೊವೇವಿನ ಹಸಿರು ಅಂಕಿಗಳು, ಎದುರಿನ ಜಾಹೀರಾತಿನ ಹಲಗೆಯ ಬೆಳಕು, ಮೆಟ್ರೋ ಹಾದುಹೋದಾಗ ಗೋಡೆಯ ಮೇಲೆ ಓಡುವ ಕಿಟಕಿಗಳ ಸಾಲು. ಮುಂಬಯಿಯಲ್ಲಿ ನೀರು ಸಿಗುತ್ತದೆ, ಜಾಗವೂ ಹೇಗೋ ಸಿಗುತ್ತದೆ, ಕತ್ತಲೆ ಎಲ್ಲಿಂದ ತರುವುದು?

ನಾನು ಕಾನ್ವೆಂಟಿನಲ್ಲಿ ಓದಿದವಳು. ಹುಬ್ಬಳ್ಳಿಯ ಆ ಶಾಲೆಯ ಸಿಸ್ಟರುಗಳು ನಮಗೆ ಕರವಸ್ತ್ರದ ಅಂಚಿಗೆ ಕಾಣದಷ್ಟು ಸಣ್ಣ ಹೊಲಿಗೆ ಹಾಕುವುದನ್ನೂ, ಕೇಕಿನ ಹಿಟ್ಟನ್ನು ಒಂದೇ ದಿಕ್ಕಿಗೆ ತಿರುಗಿಸುವುದನ್ನೂ, ಬಾಗಿಲನ್ನು ಸದ್ದಾಗದಂತೆ ಮುಚ್ಚುವುದನ್ನೂ ಕಲಿಸಿದ್ದರು. ಮದುವೆಯಾದ ಹೊಸದರಲ್ಲಿ ನಾನು ಬಾಗಿಲು ಮುಚ್ಚುವ ಪರಿ ನೋಡಿ ಅತ್ತೆ, "ಏನವಾ ವಸೂ, ಕಳ್ಳಿ ಹಂಗ ಅಡ್ಡಾಡ್ತಿ" ಎಂದು ನಕ್ಕಿದ್ದರು. ಕೇಳದೆ ಏನನ್ನೂ ಮುಟ್ಟಬಾರದೆಂಬುದೂ ಸಿಸ್ಟರುಗಳ ಪಾಠವೇ. ಹಾಗಾಗಿ ಹೆಪ್ಪಿನ ಡಬ್ಬಿಯನ್ನು ನಾನು ಎಂದೂ ಮುಟ್ಟಲಿಲ್ಲ. ಅವರೂ ಎಂದೂ ಕೊಡಲಿಲ್ಲ. ನನ್ನ ಕೈಯ ಮೇಲೆ ಅವರಿಗೆ ನಂಬಿಕೆಯಿಲ್ಲವೆಂದು ನಾನು ಒಳಗೊಳಗೇ ತೀರ್ಮಾನಿಸಿಕೊಂಡಿದ್ದೆ. ಈಚೆಗೆ ಅವರ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಯಿತು, ಇನ್ನೊಂದು ಮಂಜಾಗುತ್ತಿದೆ, ಕೈ ನಡುಗುತ್ತದೆ. ರೊಟ್ಟಿ ಬಡಿಯುವುದು ನನ್ನ ಪಾಲಿಗೆ ಬಂತು, ಉಪ್ಪಿನಕಾಯಿ ಬಂತು, ಹಬ್ಬದ ಹೋಳಿಗೆಯೂ ಬಂತು. ಹೆಪ್ಪು ಬರಲಿಲ್ಲ. ಮನೆಯಲ್ಲಿ ಅವರದೆಂದು ಉಳಿದಿದ್ದ ಕೆಲಸ ಅದೊಂದೇ.

ಇಂತಿರುವಾಗ, ಮೇ ತಿಂಗಳ ಕೊನೆಯಲ್ಲಿ, ಬಿಲ್ಡಿಂಗಿನ ಲಿಫ್ಟಿನ ಪಕ್ಕ ಒಂದು ನೋಟೀಸು ಅಂಟಿತು: ಹಳೆಯ ಕೇಬಲ್ ಬದಲಿಸುವ ಸಲುವಾಗಿ ಶನಿವಾರ ಬೆಳಗಿನಿಂದ ರವಿವಾರ ಸಂಜೆಯವರೆಗೆ ಕರೆಂಟ್ ಇರುವುದಿಲ್ಲ. ಮೇ ತಿಂಗಳ ಘಾಟ್ಕೋಪರಿನಲ್ಲಿ ಫ್ಯಾನಿಲ್ಲದೆ ಒಂದು ರಾತ್ರಿ ಎಂದರೆ ಏನೆಂದು ಅಲ್ಲಿದ್ದವರಿಗೇ ಗೊತ್ತು. ಎದುರುಮನೆಯವರು ಮುಲುಂಡಿನ ತಂಗಿಯ ಮನೆಗೆ ಹೊರಟರು. ಕಾಲೇಜಿಗೆ ಹೋಗುವ ನಮ್ಮ ಮಗಳು ಶ್ರಾವಣಿ, "ಪಪ್ಪಾ, ನಾವೂ ಎಲ್ಲಾದ್ರೂ ಹೋಗೋಣ. ಕಸಾರಾ ಕಡೆ ಗುಡ್ಡದಲ್ಲಿ ಒಂದು ಮಸ್ತ್ ಲಾಡ್ಜ್ ಇದೆ. ನಾನು ಬುಕ್ ಮಾಡ್ತೀನಿ" ಎಂದಳು. ನಮ್ಮ ಮನೆಯವರು ಫೋನಿನಿಂದ ಕಣ್ಣೆತ್ತದೆ ಹೂಂ ಅಂದರು. ಅತ್ತೆಗೆ ಇದ್ದ ಚಿಂತೆ ಒಂದೇ: ಫ್ರಿಜ್ಜು ನಿಂತರೆ ಈ ಸೆಕೆಗೆ ಹೆಪ್ಪು ಹುಳಿತು ಹೋಗುತ್ತದೆ. ಕೊನೆಗೆ ಡಬ್ಬಿಯೂ ನಮ್ಮೊಡನೆ ಹೊರಡುವುದೆಂದು ನಿರ್ಧಾರವಾಯಿತು. ಲಾಡ್ಜಿಗೆ ಹೋದಕೂಡಲೇ ಅಲ್ಲಿನ ಫ್ರಿಜ್ಜಿನಲ್ಲಿ ಇಟ್ಟರಾಯಿತು ಎಂದು ನಾನೇ ಧೈರ್ಯ ಹೇಳಿದೆ.

ಶನಿವಾರ ಬೆಳಿಗ್ಗೆ ಕಸಾರಾ ಲೋಕಲ್ ಹತ್ತಿದೆವು. ಕಲ್ಯಾಣ್ ದಾಟಿ ಬೋಗಿ ಕೊಂಚ ಖಾಲಿಯಾಗಿ, ಕಿಟಕಿಯಾಚೆ ಕಟ್ಟಡಗಳ ಬದಲು ಒಣಹುಲ್ಲಿನ ಗುಡ್ಡಗಳು ಬರತೊಡಗಿದಾಗ ನಾನು ಮಗಳನ್ನು ಕೇಳಿದೆ, "ಅಲ್ಲಿ ಫ್ರಿಜ್ ಅದ ಹೌದಲ್ಲ, ಕೇಳ್ಕೊಂಡಿಯಿಲ್ಲೋ?"

ಶ್ರಾವಣಿ ಕಿವಿಯಿಂದ ಇಯರ್‌ಫೋನ್ ತೆಗೆದು, ನಮ್ಮ ಮೂವರ ಮುಖವನ್ನೂ ಒಂದು ಸುತ್ತು ನೋಡಿದಳು. "ಮಮ್ಮಿ, ಅಲ್ಲಿ ಫ್ರಿಜ್ ಇಲ್ಲ. ಆಕ್ಚುಲಿ ಕರೆಂಟೇ ಇಲ್ಲ. ಲೈನೇ ಹೋಗಿಲ್ಲ ಅಲ್ಲಿಗೆ. ನೆಟ್‌ವರ್ಕೂ ಇಲ್ಲ."

"ನಿನಗ ಗೊತ್ತಿತ್ತು?" ಎಂದರು ಇವರು.

"ಗೊತ್ತಿತ್ತು. ಹೇಳಿದ್ರೆ ನೀವ್ಯಾರೂ ಬರ್ತಿರ್ಲಿಲ್ಲ."

ಕರೆಂಟಿಲ್ಲವೆಂದು ಮನೆಗೆ ಬೀಗ ಹಾಕಿ, ಕರೆಂಟೇ ಇಲ್ಲದ ಊರಿಗೆ ಟಿಕೆಟ್ ತೆಗೆಸಿ ಹೊರಟ ಬುದ್ಧಿವಂತರ ಕುಟುಂಬ ನಮ್ಮದು. ಇವರು ಸಿಟ್ಟಾಗಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಅತ್ತೆ ನಗತೊಡಗಿದ್ದರು. ಭುಜ ಕುಣಿಯುವಂತೆ, ಪಕ್ಕದ ಸೀಟಿನ ಹೆಂಗಸು ತಿರುಗಿ ನೋಡುವಂತೆ ನಕ್ಕರು. "ನಮ್ಮೂರಾಗ ಕರೆಂಟ್ ಬರಲಿ ಅಂತ ಹಣಮಪ್ಪಗ ಹರಕಿ ಹೊತ್ತಿದ್ವಿ. ಈಗ ಇಲ್ಲದ ಕರೆಂಟಿಗೆ ರೊಕ್ಕ ಕೊಟ್ಟು ಹೊಂಟೀವಿ. ಭಾಳ ಮುಂದ ಬಂದೀವಿ ಬಿಡು." ಆಮೇಲೆ ಡಬ್ಬಿಯನ್ನು ಸೆರಗಿನೊಳಗೆ ಸರಿಸಿಕೊಂಡು ನನಗೆ ಹೇಳಿದರು, "ಅಂಜಬ್ಯಾಡ. ಹೆಪ್ಪಿಗೆ ಫ್ರಿಜ್ ಯಾಕ? ಹೊತ್ತು ಮುಣಗೂದ್ರಾಗ ಹೊಸ ಹಾಲು ಸಿಕ್ರ ಸಾಕು."

ಕಸಾರಾ ಸ್ಟೇಶನ್ನಿನಲ್ಲಿ ಲಾಡ್ಜಿನ ಜೀಪು ಕಾದಿತ್ತು. ಗುಡ್ಡದ ತಿರುವುಗಳಲ್ಲಿ ಅದು ಹೊರಳಾಡುತ್ತ ಏರುವಾಗ ಇವರು, "ಅವ್ವಾ, ಡಬ್ಬಿ ಚೀಲದಾಗ ಇಡು" ಎಂದರು. "ಇದನ್ನ ಗದಗಿನಿಂದ ತಂದಾಕಿ ನಾನು. ಕಸಾರಾದಿಂದ ತರಾಕ ಆಗೂದಿಲ್ಲೇನು?" ಎಂಬ ಉತ್ತರ ಬಂತು. ಮುಂದಿನ ತಿರುವಿನಲ್ಲಿ ಎಮ್ಮೆಗಳ ಹಿಂಡೊಂದು ಸಂಸಾರಸಮೇತ ರಸ್ತೆ ದಾಟುತ್ತಿತ್ತು. ಜೀಪು ಗಕ್ಕನೆ ನಿಂತಿತು, ಅತ್ತೆಯ ಕೈ ತಾನಾಗಿ ಮುಂದಿನ ಸರಳಿಗೆ ಹೋಯಿತು, ಡಬ್ಬಿ ಕೆಳಗೆ ಬಿತ್ತು. ಮುಚ್ಚಳ ಉರುಳಿ ಸೀಟಿನಡಿ ಸೇರಿತು. ಜೀಪಿನ ಧೂಳು ತುಂಬಿದ ರಬ್ಬರಿನ ಮೇಲೆ, ಅಷ್ಟು ವರ್ಷಗಳಿಂದ ಕಾದಿಟ್ಟುಕೊಂಡು ಬಂದದ್ದು, ಬೆಳ್ಳಗೆ ಚೆಲ್ಲಿ ಹರಡಿತು.

ಶ್ರಾವಣಿ ಬಗ್ಗಿ ಡಬ್ಬಿ ಎತ್ತಿ ಒಳಗೆ ಇಣುಕಿದಳು. "ಅಜ್ಜಿ, ಥೋಡಾ ಬಾಕಿ ಇದೆ. ಸೈಡಿಗೆ ಅಂಟಿಕೊಂಡಿದೆ ನೋಡು." ಮುಚ್ಚಳಕ್ಕೆ ಈಗ ಇನ್ನೊಂದು ಕಡೆಯೂ ನೆಗ್ಗು ಬಿದ್ದು, ಅದು ಯಾವ ಉಪಾಯಕ್ಕೂ ಕೂರಲಿಲ್ಲ. ಇವರು ಸಮಾಧಾನ ಮಾಡಲು ಹೋಗಿ ಹೇಳಬಾರದ್ದನ್ನೇ ಹೇಳಿದರು: "ಹೋಗಲಿ ಬಿಡವ್ವಾ, ನಾಳೆ ಸ್ಟೇಶನ್ ಹತ್ರ ಡೇರಿಯಿಂದ ಹೊಸ ಮೊಸರು ತಂದ್ರಾತು."

"ತರ್ರಿ" ಎಂದರು ಅತ್ತೆ.

ಅಷ್ಟೇ. ವಾದವಿಲ್ಲ, ಕೊಂಕಿಲ್ಲ. ಅವರು ನನಗೆ ಬೈದ ದಿನಗಳೆಲ್ಲ ಆ ಒಂದು 'ತರ್ರಿ'ಯ ಮುಂದೆ ಸಿಹಿಯಾಗಿ ಕಂಡವು. ಮಡಿಲಲ್ಲಿ ಎರಡೂ ಕೈ ಖಾಲಿ ಇಟ್ಟುಕೊಂಡು, ಅವರು ಉಳಿದ ದಾರಿಯಿಡೀ ಗುಡ್ಡ ನೋಡುತ್ತ ಕುಳಿತರು.

ಲಾಡ್ಜು ಎಂದರೆ ಮಣ್ಣಿನ ಗೋಡೆಯ, ಹಂಚಿನ ಮಾಡಿನ ಎರಡು ಕೋಣೆ, ಮುಂದೊಂದು ಕಟ್ಟೆ, ಹಿಂದೊಂದು ಅಡುಗೆಮನೆ, ಸುತ್ತಲೂ ಕಣ್ಣು ಹಾಯುವಷ್ಟು ಕಾಡು. ಗೋಡೆಯಲ್ಲಿ ಸ್ವಿಚ್ಚುಗಳಿರಲಿಲ್ಲ. ಇದನ್ನು ಓದಿ ನೀವು ನಗಬಹುದು. ಆದರೆ ಒಳಗೆ ಕಾಲಿಟ್ಟೊಡನೆ ನನ್ನ ಬಲಗೈ ಬಾಗಿಲ ಪಕ್ಕದ ಗೋಡೆಯನ್ನು ಸವರಿತು, ಹೊರಬರುವಾಗ ಇನ್ನೊಮ್ಮೆ ಸವರಿತು. ದಿನಕ್ಕೆ ಎಷ್ಟು ಸಲ ಕತ್ತಲೆಯನ್ನು ಗದರಿಸಿ ಓಡಿಸುತ್ತೇವೆಂದು ಆ ಬೋಳು ಗೋಡೆಯೇ ನನಗೆ ತಿಳಿಸಿಕೊಟ್ಟದ್ದು. ಇವರು ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ಅಂಗಳದ ಮೂಲೆ ಮೂಲೆಗೂ ನಡೆದರು. ದೂರದಿಂದ ನೋಡಿದವರಿಗೆ ಸೂರ್ಯನಿಗೆ ಆರತಿ ಎತ್ತುತ್ತಿದ್ದಾರೆ ಅನ್ನಿಸುವಂತಿತ್ತು.

ಅಲ್ಲಿ ಅಡುಗೆ ನೋಡಿಕೊಳ್ಳುವವಳು ಹಿರಾಬಾಯಿ, ಪಕ್ಕದ ಪಾಡಾ ಎಂಬ ಕಾಡುಹಳ್ಳಿಯವಳು. ಊಟ ಬಡಿಸುವಾಗ ಅತ್ತೆ ಭಾಕ್ರಿ ರೊಟ್ಟಿಯನ್ನು ಚೂರು ಮಾಡುತ್ತ ಕೂತದ್ದನ್ನು ಕಂಡು ಅವಳು ನನ್ನ ಕಡೆ ಹುಬ್ಬೇರಿಸಿದಳು. ನಾನು ಮರಾಠಿಯಲ್ಲಿ ಡಬ್ಬಿಯ ಕಥೆ ಹೇಳಿ ಹಾಲು ಸಿಗುತ್ತದೆಯೇ ಎಂದು ಕೇಳಿದೆ. ಸಂಜೆ ಎಮ್ಮೆ ಕರೆದಮೇಲೆ ತರುತ್ತೇನೆಂದಳು. ಮಧ್ಯಾಹ್ನವೆಲ್ಲ ನಾನು ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರಿನ ಮಡಕೆಯ ತಂಪಿಗೆ ಆನಿಸಿ, ಮಲಗಿದ ಕೂಸನ್ನು ನೋಡುವಂತೆ ಆಗಾಗ ಹೋಗಿ ನೋಡಿ ಬಂದೆ. ಡಬ್ಬಿಯ ಒಳಗೋಡೆಗೆ ಅಂಟಿದ್ದು ಒಂದು ಬೆರಳಿಗೆ ಆಗುವಷ್ಟೂ ಇರಲಿಲ್ಲ.

ಹೊತ್ತು ಮುಳುಗುವಾಗ ಹಿರಾಬಾಯಿ ಹಾಲು ತಂದು ಒಲೆಯ ಮೇಲೆ ಕಾಸಿದಳು. ನಾನು ಅದನ್ನು ಆರಿಸಿ ಕಟ್ಟೆಯ ಮೇಲೆ ಅತ್ತೆಯ ಮುಂದಿಟ್ಟೆ. ಅವರು ಕಿರುಬೆರಳನ್ನು ಹಾಲಿನ ತನಕ ಒಯ್ದು ಹಿಂದಕ್ಕೆ ತೆಗೆದರು. "ನನ್ನ ಕೈ ಇವತ್ತ ಬ್ಯಾಡ. ನೀ ಹಾಕು."

"ನನಗ ಬರೂದಿಲ್ರಿ ಅತ್ತೀ."

"ನನಗೂ ಬರ್ತಿದ್ದಿಲ್ಲ."

ನಾನು ಬೆರಳದ್ದಿದೆ. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಬೆರಳು ಹಾಲಿನೊಳಗಿದೆಯೆಂಬುದೇ ಮರೆತುಹೋಗುವಂಥ ಒಂದು ಹದ. "ಡಬ್ಬಿಗೇ ಸುರಿ, ಬ್ಯಾರೆ ಭಾಂಡೆ ಬ್ಯಾಡ" ಎಂದರು. ಸುರಿದು, ಬೆರಳಿನಿಂದ ಒಳಗೋಡೆಯನ್ನು ಸುತ್ತ ಸವರಿ, ಅಂಟಿದ್ದನ್ನೆಲ್ಲ ಹಾಲಿಗೆ ಬಿಡಿಸಿದೆ. ಮುಚ್ಚಳ ಕೂರದ್ದಕ್ಕೆ ಹಿರಾಬಾಯಿ ಮುತ್ತುಗದ ಎಲೆಯೊಂದನ್ನು ಮುಚ್ಚಿ ನಾರು ಕಟ್ಟಿದಳು. ಗುಡ್ಡದ ಗಾಳಿ ತಣ್ಣಗೆ ಬೀಸತೊಡಗಿತ್ತು. ಒಲೆಯ ಪಕ್ಕದ ಬೂದಿಯ ಬೆಚ್ಚಗಿನ ಜಾಗ ಸಿಕ್ಕಿತು, ಸುತ್ತಲು ಏನಾದರೂ ಉಣ್ಣೆಯದು ಬೇಕಿತ್ತು. ಅತ್ತೆಯ ಕಣ್ಣು ಮೊಮ್ಮಗಳು ತೊಟ್ಟ ಟೊಪ್ಪಿಗೆಯ ಸ್ವೆಟರಿನ ಮೇಲೆ ನಿಂತಿತು.

"ಅಜ್ಜಿ, ನೋ. ಇದು ನನ್ನ ಫೇವರಿಟ್."

"ಇದೂ ನನ್ನ ಫೇವರಿಟ್" ಎಂದರು ಅತ್ತೆ, ಡಬ್ಬಿ ತೋರಿಸಿ. ಡಬ್ಬಿ ಬಿದ್ದ ಮೇಲೆ ಅವರಾಡಿದ ಮೊದಲ ತಮಾಷೆ ಅದು. ಶ್ರಾವಣಿ ಸ್ವೆಟರ್ ಬಿಚ್ಚಿ ಕೊಟ್ಟಳು. ಅದರ ಎರಡೂ ತೋಳುಗಳನ್ನು ಡಬ್ಬಿಯ ಸುತ್ತ ಅಪ್ಪಿದಂತೆ ಕಟ್ಟಿ ಬೂದಿಯ ಪಕ್ಕ ಕೂರಿಸಿದ್ದೂ ಅವಳೇ.

ಆಮೇಲೆ ಮಾಡಲು ಏನೂ ಇರಲಿಲ್ಲ. ಇದೊಂದು ವಿಚಿತ್ರ ಸ್ಥಿತಿ. ಮನೆಯಲ್ಲಾದರೆ ಟೀವಿಯಾದರೂ ಇರುತ್ತಿತ್ತು. ನಾವು ನಾಲ್ವರೂ ಕಟ್ಟೆಯ ಮೇಲೆ ಸಾಲಾಗಿ ಕೂತೆವು, ಹಿರಾಬಾಯಿ ಕಂದೀಲನ್ನು ಸಣ್ಣ ಮಾಡಿ ಒಳಗೆ ಒಯ್ದಳು, ಕತ್ತಲೆ ಬಂತು. ಬಂತು ಎಂದೆನಲ್ಲ, ನಿಜಕ್ಕೂ ಬಂದಿತು: ಮೊದಲು ಕಣಿವೆಯಲ್ಲಿ ತುಂಬಿ, ಆಮೇಲೆ ಗಿಡಗಳ ಬುಡದಿಂದ ಮೇಲೇರಿ, ಕೊನೆಗೆ ನಮ್ಮ ಪಾದಗಳನ್ನು ಮುಳುಗಿಸಿ, ತೊಡೆಯ ಮೇಲಿನ ಕೈಗಳನ್ನೂ ಅಳಿಸಿತು. ಬೆಳಕು ಹೋದರೆ ಉಳಿಯುವುದೇ ಕತ್ತಲೆಯೆಂದು ನಾನು ತಿಳಿದಿದ್ದೆ. ಹಾಗಲ್ಲ, ಅದಕ್ಕೂ ಒಂದು ನಡೆಯಿದೆ, ಮೈಯಿದೆ, ಒದ್ದೆ ಮಣ್ಣಿನ ವಾಸನೆಯಿದೆ. ಅದರಲ್ಲಿ ಕೂತಾಗ ಯಾರ ಮುಖವೂ ಕಾಣದಿದ್ದರಿಂದ ಯಾರೂ ಯಾವ ಮುಖವನ್ನೂ ಹಾಕಿಕೊಳ್ಳಬೇಕಾಗಿರಲಿಲ್ಲ.

ಆಗ ಅಂಗಳದಾಚೆಯ ಮರದಲ್ಲಿ ಒಂದು ಮಿಂಚುಹುಳ ಹೊತ್ತಿತು. ಇನ್ನೊಂದು. ಮಳೆ ಹತ್ತಿರವಾದಾಗ ಆ ಕಾಡಿನಲ್ಲಿ ಅವು ಬರುತ್ತವಂತೆ, ನಮಗದು ತಿಳಿದಿರಲಿಲ್ಲ. ನೋಡನೋಡುತ್ತ ಮರಕ್ಕೆ ಮರವೇ ಉಸಿರಾಡುವಂತೆ ಹೊತ್ತಿ ಆರಿ ಹೊತ್ತಿತು. ಇವರು ಅಭ್ಯಾಸಬಲದಿಂದ ಫೋನ್ ಎತ್ತಿದರು, ಪರದೆಯ ಬೆಳಕಿಗೆ ನಮಗೆಲ್ಲ ಕಣ್ಣು ಕುಕ್ಕಿತು. "ಪಪ್ಪಾ, ಬಂದ್ ಕರ್" ಎಂದಳು ಮಗಳು. ಇವರು ಆರಿಸಿ ಜೇಬಿಗೆ ಹಾಕಿದರು. ಅದು ಬೆಳಗಿನವರೆಗೆ ಹೊರಬರಲಿಲ್ಲ.

ಆಮೇಲೆ ಕತ್ತಲೆಯೊಳಗಿಂದ ಅತ್ತೆಯ ದನಿ ಬಂತು. "ವಸೂ, ನಮ್ಮತ್ತಿ ನನಗ ಆ ಹೆಪ್ಪು ಅಕ್ಕರೆಯಿಂದ ಕೊಟ್ಲು ಅಂತ ತಿಳಕೊಂಡಿಯೇನು?"

"ಮತ್ತ ಹೆಂಗ್ರಿ?"

"'ಒಯ್ಯಿ. ಆ ಮುಂಬೈ ನೀರಾಗ, ನಿನ್ನ ಕೈಲೆ ಇದು ವಾರ ಉಳಿದ್ರ ನನ್ನ ಹೆಸರು ತಗದ ಬಿಡು' ಅಂದ್ಲು. ಪಂದ್ಯಾ ಕಟ್ಟಿದ್ಲು. ಆಕಿ ಸತ್ತು ಎಷ್ಟೋ ವರ್ಷ ಆತು, ನಾ ಒಂದ ದಿನಾನೂ ಸೋತಿದ್ದಿಲ್ಲ. ಇವತ್ತ ಆ ಎಮ್ಮಿ ಮುಂದ ಸೋತೆ ನೋಡು."

ನಾವು ಪೂಜ್ಯಭಾವದಿಂದ ಕಾಣುತ್ತಿದ್ದ ಆ ವಂಶಪರಂಪರೆಯ ಅಮೃತ ಹಾಗಾದರೆ ಒಂದು ಹಠದ ಮೊಸರು. ಇವರು ಗೊಳ್ಳೆಂದು ನಕ್ಕರು, ನಾನು ಸಿಸ್ಟರುಗಳು ಕಲಿಸಿದ್ದನ್ನೆಲ್ಲ ಮರೆತು ನಕ್ಕೆ. ಮುಖ ಕಾಣದ ಧೈರ್ಯವೇ ಇರಬೇಕು, ಎಂದೂ ಕೇಳದ್ದನ್ನು ಕೇಳಿಬಿಟ್ಟೆ. "ಅದಕ್ಕೇನ್ರಿ ನನ್ನ ಕೈಗೆ ಎಂದೂ ಕೊಡ್ಲಿಲ್ಲ? ನಾ ಕೆಡಸ್ತೀನಿ ಅಂತ?"

"ನೀ ಎಲ್ಲೆ ಕೇಳಿದಿ? ನಿನಗ ಕೇಕ್ ಮಾಡಾಕ ಬರ್ತೈತಿ, ಇಂಗ್ಲಿಷ್ ಬರ್ತೈತಿ. ಈ ಮುದುಕಿ ಹಠ ನಿನ್ನ ತಲಿಗೆ ಯಾಕ ಕಟ್ಟೂದು ಅಂತ ಸುಮ್ಮನಿದ್ದೆ."

ನಾನು ಕೇಳದೆ ಮುಟ್ಟಬಾರದೆಂದು ಕಾದೆ. ಅವರು ಕೇಳದೆ ಹೊರಿಸಬಾರದೆಂದು ಕಾದರು. ನಮ್ಮಿಬ್ಬರ ನಡುವೆ ಒಂದು ಅಡುಗೆಮನೆ, ಅದರಲ್ಲಿ ಸದಾ ಉರಿಯುವ ಒಂದು ಟ್ಯೂಬ್‌ಲೈಟು. ಅಷ್ಟು ಬೆಳಕಿನಲ್ಲಿ ಇಷ್ಟು ಸಣ್ಣ ಮಾತು ಕಾಣದೇ ಹೋಯಿತಲ್ಲ.

ಅಂದು ಎಲ್ಲರೂ ಬೇಗ ಮಲಗಿದೆವು. ಫ್ಯಾನಿನ ಸದ್ದಿಲ್ಲದೆ ನಿದ್ದೆ ಬರುವುದಿಲ್ಲವೆಂದು ಅಂಜಿದ್ದೆ. ದಿಂಬಿಗೆ ತಲೆ ಕೊಟ್ಟದ್ದಷ್ಟೇ ನೆನಪು.

ಬೆಳಗಾಗುವಾಗ ಎದ್ದರೆ ಅತ್ತೆಯ ಹಾಸಿಗೆ ಖಾಲಿ. ಅಡುಗೆಮನೆಯಲ್ಲಿ, ಒಲೆಯ ಮುಂದೆ, ಸ್ವೆಟರಿನಲ್ಲಿ ಸುತ್ತಿದ ಡಬ್ಬಿಯನ್ನು ಬಿಚ್ಚದೆ ನೋಡುತ್ತ ಕೂತಿದ್ದರು. "ನೀ ಹಾಕಿದ್ದು, ನೀನ ತಗಿ" ಎಂದರು. ಶ್ರಾವಣಿ ಕಣ್ಣುಜ್ಜುತ್ತ ಬಂದು ನನ್ನ ಬೆನ್ನಿಗೆ ಅಂಟಿ ನಿಂತಳು. ನಾನು ತೋಳುಗಳ ಗಂಟು ಬಿಚ್ಚಿ, ನಾರು ಬಿಚ್ಚಿ, ಎಲೆ ಸರಿಸಿದೆ. ಒಳಗೆ ಬೆಳ್ಳಗೆ, ನಿಶ್ಚಲವಾಗಿ ಇತ್ತು. ನಿಂತ ಹಾಲೂ ಹಾಗೇ ಇರುತ್ತದಲ್ಲ. ಅತ್ತೆ ಡಬ್ಬಿಯನ್ನು ತೆಗೆದುಕೊಂಡು, ಕಾಣುವ ಕಣ್ಣಿನ ಕಡೆಗೆ ಹಿಡಿದು, ನಿಧಾನವಾಗಿ ವಾಲಿಸಿದರು. ಇನ್ನೂ ವಾಲಿಸಿದರು. ಅವರ ಕೈ ನಡುಗುತ್ತಿತ್ತು, ಡಬ್ಬಿ ನಡುಗುತ್ತಿತ್ತು, ಮೊಸರು ಅಲುಗಲಿಲ್ಲ. ಹೂವಿನ ಎಸಳಿನಂಥ ಕೆನೆಯ ಮೇಲೆ ಎಲೆಯ ನರಗಳ ಗುರುತು ಮೂಡಿತ್ತು.

"ನಮ್ಮತ್ತಿ ಮತ್ತ ಸೋತ್ಲು" ಎಂದರು. ಅಷ್ಟು ಸಂತೋಷದ ಮುಖವನ್ನು ನಾನು ನಮ್ಮ ಮನೆಯ ಮದುವೆ ಮುಂಜಿಗಳಲ್ಲೂ ಕಂಡಿರಲಿಲ್ಲ.

ಹಿರಾಬಾಯಿ ಇಣುಕಿ ನೋಡಿ, "ಆಜೀ, ಥೋಡಂ ಮಲಾ ಪಣ ದ್ಯಾ" ಎಂದಳು, ನನಗೂ ಸ್ವಲ್ಪ ಕೊಡಿ ಎಂದು. ಮುಚ್ಚಳವಿಲ್ಲದ ಡಬ್ಬಿಯನ್ನು ಜೀಪಿನಲ್ಲಿ ಒಯ್ಯುವಂತಿರಲಿಲ್ಲ. ಅವಳು, ಯಾರೋ ಅತಿಥಿಗಳು ಬಿಟ್ಟುಹೋದ ಕಾಫಿಪುಡಿಯ ಗಾಜಿನ ಸೀಸೆಯೊಂದನ್ನು ತೊಳೆದು ತಂದಳು, ತಿರುಗಿಸಿ ಮುಚ್ಚುವ ಬಿಗಿಯಾದ ಮುಚ್ಚಳದ್ದು. ಅರ್ಧ ಅದಕ್ಕೆ ಹೋಯಿತು. ಉಳಿದರ್ಧವನ್ನು ಅತ್ತೆ ಡಬ್ಬಿಯ ಸಮೇತ ಹಿರಾಬಾಯಿಯ ಕೈಗಿಟ್ಟರು, ನಾನು "ಅತ್ತೀ, ಡಬ್ಬಿ?" ಎನ್ನುವಷ್ಟರಲ್ಲಿ. "ಇರಲಿ. ಇನ್ನ ಎರಡ ಮನ್ಯಾಗ ಸೋಲಲಿ ನಮ್ಮತ್ತಿ."

ರವಿವಾರ ಸಂಜೆ ಘಾಟ್ಕೋಪರಿಗೆ ಮರಳಿದಾಗ ಕರೆಂಟು ಇನ್ನೂ ಬಂದಿರಲಿಲ್ಲ. ಬಿಲ್ಡಿಂಗಿನವರೆಲ್ಲ ಮೆಟ್ಟಿಲ ಮೇಲೆ ಪೇಪರು ಬೀಸಿಕೊಳ್ಳುತ್ತ ಕಮಿಟಿಯವರನ್ನು ಬೈಯುತ್ತಿದ್ದರು. ನಮಗೆ ಒಂದೂ ಬೈಗುಳ ನೆನಪಾಗಲಿಲ್ಲ. ಮೇಣದ ಬತ್ತಿ ಹಚ್ಚಿ ಹಾಲು ಕಾಸಿದೆ. ಹೆಪ್ಪು ಹಾಕುವುದನ್ನು ನನಗೇ ಬಿಟ್ಟು ಅತ್ತೆ ಕುರ್ಚಿಯಿಂದ ಏಳಲಿಲ್ಲ.

ಈಗ ಫ್ರಿಜ್ಜಿನಲ್ಲಿ, ಬೆಣ್ಣೆಗೂ ಕೊತ್ತಂಬರಿಗೂ ನಡುವೆ, ಆ ಗಾಜಿನ ಸೀಸೆ ಕೂತಿದೆ. ಒಂದು ದಿನ ಅವರು, ಒಂದು ದಿನ ನಾನು. ಅವರ ದಿನ ನಾನು ಬೆರಳ ಹತ್ತಿರ ಹಾಲು ಹಿಡಿಯುತ್ತೇನೆ. ನನ್ನ ದಿನ ಅವರು ಹೊರಕೋಣೆಯಲ್ಲಿ ಕೂತು ತಪ್ಪು ಹುಡುಕುತ್ತಾರೆ. ನಿನ್ನೆ ನನ್ನ ದಿನ. ಹೆಪ್ಪು ಹಾಕಿ, ಮೈಕ್ರೊವೇವಿನ ಹಸಿರು ಅಂಕಿಗಳ ಮೇಲೆ ಒಂದು ಕರವಸ್ತ್ರ ಹೊದೆಸಿ, ಪರದೆ ಎಳೆದು, ಟ್ಯೂಬ್‌ಲೈಟ್ ಆರಿಸಿ, ಸದ್ದಾಗದಂತೆ ಬಾಗಿಲು ಮುಚ್ಚಿದೆ.

"ಮಮ್ಮಿ, ಕಿಚನ್‌ನಲ್ಲಿ ಲೈಟ್ ಹೋಯ್ತಾ?" ಎಂದು ಒಳಗಿನ ಕೋಣೆಯಿಂದ ಶ್ರಾವಣಿ ಕೇಳಿದಳು.

ನಾನು ಉತ್ತರಿಸುವ ಮೊದಲೇ ಅತ್ತೆ ಹೇಳಿದರು, "ಹೋಗಿಲ್ಲ. ನಿಮ್ಮವ್ವ ಆರಿಸ್ಯಾಳ."